ವರದಿ ಯಾರಿಗಾಗಿ?

ಅಮೆರಿಕದ ಸರ್ಕಾರಿ ಶಾಲೆಯಲ್ಲಿ ಸ್ಕೂಲ್ ಸೈಕಾಲಜಿಸ್ಟ್ ಅಂದರೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುವವರು ಎಂದುಕೊಂಡವರೇ ಹೆಚ್ಚು. ದಾವಣಗೆರೆಯಲ್ಲಿರುವ ನನ್ನಮ್ಮ ಇವತ್ತಿಗೂ ನೆಂಟರ ಹತ್ತಿರ ಹಾಗೇ ಹೇಳುತ್ತಾಳೆ. ಆ ಕೆಲಸಕ್ಕೆ ಸಾಮಾನ್ಯವಾಗಿ ಕೌನ್ಸೆಲರ್ ಬೇರೆ ಇರುತ್ತಾರೆ. ನಮ್ಮ ಪಾಲಿಗೆ ಬರುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ಈ ಮಗುವಿಗೆ ಕಲಿಕೆ ಎಲ್ಲಿ ಕಷ್ಟವಾಗುತ್ತಿದೆ, ಅದಕ್ಕೆ ಶಾಲೆ ಏನು ಮಾಡಬೇಕು? ಇಂಟರ್ನ್ ಆಗಿ ಕಳೆದ ಒಂದು ಶಾಲಾ ವರ್ಷದಲ್ಲಿ ನಾನು ಕಲಿತದ್ದೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಮೈಸೂರಿನಲ್ಲಿ ಬಿ.ಎ. ಸೈಕಾಲಜಿ ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದು, ಮಗ ಶಾಲೆಗೆ ಸೇರಿದ ಮೇಲೆ ನಾನು ಮತ್ತೆ ಓದಲು ಹೊರಟವಳು. ಮೂರು ವರ್ಷದ ಕೋರ್ಸಿನಲ್ಲಿ ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್. ಈ ವೃತ್ತಿಯವರ ರಾಷ್ಟ್ರೀಯ ಸಂಘವಾದ ನ್ಯಾಸ್ಪ್ ಕನಿಷ್ಠ 1,200 ಗಂಟೆಗಳ ಕೆಲಸ ಕೇಳುತ್ತದೆ. ಅದರಲ್ಲಿ ಅರ್ಧವಾದರೂ ಶಾಲೆಯೊಳಗೇ ನಡೆಯಬೇಕು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಒಂದು ಸ್ಕೂಲ್ ಡಿಸ್ಟ್ರಿಕ್ಟ್ ನನಗೆ ಒಂದು ಎಲಿಮೆಂಟರಿ ಶಾಲೆ ಮತ್ತು ಒಂದು ಮಿಡಲ್ ಸ್ಕೂಲ್ ಕೊಟ್ಟಿತು. ಜೊತೆಗೆ ವಾರ ವಾರ ನನ್ನ ಕೇಸುಗಳನ್ನು ಕೂತು ಕೇಳುವ ಒಬ್ಬ ಅನುಭವಿ ಮೇಲ್ವಿಚಾರಕಿ.

ಮೊದಲು ಅರ್ಥವಾಗಬೇಕಾದದ್ದು ಕಾನೂನು. ಇಲ್ಲಿನ ಹಲವು ರಾಜ್ಯಗಳಲ್ಲಿ 1975ರವರೆಗೂ ವಿಕಲಚೇತನ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಸರ್ಕಾರಿ ಶಾಲೆಗಳು ಬಾಗಿಲು ಹಾಕಬಹುದಿತ್ತು. ಆ ವರ್ಷ ಬಂದ ಕಾಯ್ದೆಗೆ 1990ರಿಂದ ‘ಐಡಿಯಾ’ ಎಂಬ ಹೆಸರು. ಅದರ ಅಡಿಯಲ್ಲಿ ಈಗ 75 ಲಕ್ಷಕ್ಕೂ ಹೆಚ್ಚು ಮಕ್ಕಳು ವಿಶೇಷ ಶಿಕ್ಷಣ ಪಡೆಯುತ್ತಾರೆ. ಅವರಲ್ಲಿ ಮೂವರಿಗೊಬ್ಬರಂತೆ ಓದು, ಬರಹ ಅಥವಾ ಲೆಕ್ಕದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇರುವವರು. ಮೌಲ್ಯಮಾಪನಕ್ಕೆ ಪೋಷಕರು ಸಹಿ ಹಾಕಿದ ದಿನದಿಂದ ಗಡಿಯಾರ ಓಡತೊಡಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 60 ದಿನದೊಳಗೆ ಪರೀಕ್ಷೆ, ವರದಿ, ಸಭೆ ಎಲ್ಲ ಮುಗಿಯಬೇಕು. ದೊಡ್ಡ ರಜೆಗಳಿಗೆ ಮಾತ್ರ ವಿನಾಯಿತಿ. 500 ಮಕ್ಕಳಿಗೆ ಒಬ್ಬ ಸೈಕಾಲಜಿಸ್ಟ್ ಇರಬೇಕೆಂದು ನ್ಯಾಸ್ಪ್ ಹೇಳುತ್ತದೆ. ದೇಶದ ಸರಾಸರಿ ಅದರ ಎರಡು ಪಟ್ಟು ದಾಟಿದೆ. ಹಾಗಾಗಿ ಒಂದು ಮಗುವಿನ ಜೊತೆ ಕೂತಿರುವಾಗಲೂ ತಲೆಯೊಳಗೆ ಇನ್ನು ನಾಲ್ವರ ಗಡುವು ಎಣಿಕೆಯಾಗುತ್ತಲೇ ಇರುತ್ತದೆ. ಆ ಎಣಿಕೆಯನ್ನು ಕ್ಯಾಲೆಂಡರಿಗೆ ಒಪ್ಪಿಸಿ ಮಗುವಿನ ಮುಂದೆ ನಿಶ್ಚಿಂತೆಯಿಂದ ಕೂರುವುದು ಈ ಕೆಲಸದ ಮೊದಲ ಪಾಠ.

ಎರಡನೆಯದು: ಪರೀಕ್ಷೆಯ ಕಿಟ್ ತೆರೆಯುವ ಮೊದಲು ಮಗುವಿನ ಫೈಲ್ ತೆರೆಯಬೇಕು. ಒಂದು ಉದಾಹರಣೆ, ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತೇನೆ. ನಾಲ್ಕನೇ ತರಗತಿಯ ಒಬ್ಬ ಹುಡುಗ. ‘ಗಮನವೇ ಇಲ್ಲ, ಎಡಿಎಚ್‌ಡಿ ಇರಬಹುದು’ ಎಂದು ಟೀಚರ್ ಕಳಿಸಿದ್ದರು. ಫೈಲಿನಲ್ಲಿ ನೋಡಿದರೆ ಅಪ್ಪನ ಕೆಲಸದ ಹಿಂದೆ ಊರೂರು ಅಲೆದು ಹಲವು ಶಾಲೆ ಬದಲಿಸಿದ್ದ. ಒಂದನೇ ತರಗತಿಯ ಹಾಜರಾತಿ ಅಷ್ಟಕ್ಕಷ್ಟೇ. ನರ್ಸ್ ಹತ್ತಿರ ಕಣ್ಣು, ಕಿವಿ ತಪಾಸಣೆ ಮಾಡಿಸಿ, ನಾನು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ನಿಗದಿತ ಅಂತರದಲ್ಲಿ ತಲೆಯೆತ್ತಿ, ಆ ಕ್ಷಣ ಅವನು ಪಾಠದಲ್ಲಿದ್ದಾನಾ, ಪಕ್ಕದ ಹುಡುಗ ಇದ್ದಾನಾ ಎಂದು ಗುರುತು ಹಾಕುವ ಪದ್ಧತಿ ಅದು. ಲೆಕ್ಕದ ಪಾಠದಲ್ಲಿ ಇಬ್ಬರೂ ಸಮಸಮ. ವಿಜ್ಞಾನದ ಪ್ರಯೋಗದಲ್ಲಿ ಇವನೇ ಮುಂದೆ. ಪುಸ್ತಕ ತೆರೆದು ಮೌನವಾಗಿ ಓದಿ ಎಂದಾಗ ಮಾತ್ರ ಪೆನ್ಸಿಲ್ ಬೀಳುತ್ತಿತ್ತು, ಶೌಚಾಲಯಕ್ಕೆ ಹೋಗಬೇಕಾಗುತ್ತಿತ್ತು, ಕಿಟಕಿಯಾಚೆಯ ಲೋಕ ಕರೆಯುತ್ತಿತ್ತು. ಓದು ಬಾರದ ಮಗು ಓದುವ ಹೊತ್ತಿನಲ್ಲಿ ಇನ್ನೇನು ತಾನೇ ಮಾಡೀತು?

ಅಲ್ಲಿಂದ ಪ್ರಶ್ನೆಯೇ ಬದಲಾಯಿತು. ಓದು ಬಾರದ್ದು ನ್ಯೂನತೆಯಿಂದಲೋ, ಸರಿಯಾದ ಪಾಠ ಸಿಗದ್ದರಿಂದಲೋ? ಸರಿಯಾದ ಬೋಧನೆ ಸಿಗದಿರುವುದೋ ಇಂಗ್ಲಿಷ್ ಇನ್ನೂ ಬಾರದಿರುವುದೋ ಮುಖ್ಯ ಕಾರಣವಾಗಿದ್ದರೆ ಆ ಮಗುವಿಗೆ ನ್ಯೂನತೆ ಇದೆ ಎಂದು ತೀರ್ಮಾನಿಸಕೂಡದು ಎಂದು ಕಾಯ್ದೆಯೇ ಹೇಳುತ್ತದೆ. ಇದನ್ನು ಬಿಡಿಸಲು ಅಂಕವೊಂದೇ ಸಾಲದು. ಅಮ್ಮನ ಮಾತು, ಹಿಂದಿನ ಟೀಚರ್‌ಗಳ ಟಿಪ್ಪಣಿ, ಹೆಚ್ಚುವರಿ ಓದಿನ ತರಗತಿಗೆ ಹಾಕಿದಾಗ ಎಷ್ಟು ಬೇಗ ಚೇತರಿಸಿಕೊಂಡ ಎಂಬ ದಾಖಲೆ, ಇವೆಲ್ಲ ಸೇರಬೇಕು.

ಇನ್ನು ಪರೀಕ್ಷೆಯ ಮಾತು. ನಾವು ಹೆಚ್ಚಾಗಿ ಬಳಸುವುದು 2014ರಲ್ಲಿ ಬಂದ, ವಿಸ್ಕ್ ಎಂಬ ಮಕ್ಕಳ ಬುದ್ಧಿಮತ್ತೆ ಪರೀಕ್ಷೆಯ ಐದನೇ ಆವೃತ್ತಿ. ಕೆಂಪು ಬಿಳಿ ಬಣ್ಣದ ಬ್ಲಾಕುಗಳು, ಚಿತ್ರದ ಪುಸ್ತಕ, ಸ್ಟಾಪ್‌ವಾಚ್. ಕೋಣೆ ಯಾವುದು ಖಾಲಿಯಿದೆಯೋ ಅದು. ಒಮ್ಮೊಮ್ಮೆ ಹಳೆಯ ಪುಸ್ತಕ ತುಂಬಿದ ಉಗ್ರಾಣ. ಸೂಚನೆಗಳನ್ನು ಅಚ್ಚಾಗಿರುವ ಹಾಗೆಯೇ, ಅಕ್ಷರ ತಪ್ಪದೆ ಓದಬೇಕು. ಉತ್ತರ ಸರಿಯಾದರೆ ‘ಶಭಾಷ್’ ಅನ್ನುವಂತಿಲ್ಲ. ‘ಕಷ್ಟಪಟ್ಟು ಮಾಡ್ತಿದ್ದೀಯ’ ಎಂದು ಶ್ರಮವನ್ನು ಮೆಚ್ಚಬಹುದು, ಅಷ್ಟೆ. ಸರಾಸರಿ ಅಂಕ 100. ಆದರೆ ಒಂದೇ ಅಂಕ ಪಡೆದ ಇಬ್ಬರಲ್ಲಿ ಒಬ್ಬಳು ಬ್ಲಾಕುಗಳನ್ನು ತಿರುವಿ ತಿರುವಿ ನೋಡಿ ನಿಧಾನವಾಗಿ ಸರಿಪಡಿಸಿರುತ್ತಾಳೆ, ಇನ್ನೊಬ್ಬ ಮೊದಲ ತಡೆ ಎದುರಾದೊಡನೆ ‘ನಂಗೆ ಬರಲ್ಲ’ ಎಂದು ಕೈಬಿಟ್ಟಿರುತ್ತಾನೆ. ಕಲಿಸುವವರಿಗೆ ಬೇಕಾದ ಸುದ್ದಿ ಈ ವ್ಯತ್ಯಾಸದಲ್ಲಿದೆ. ಅದು ಅಂಕದ ಕೋಷ್ಟಕದಲ್ಲಿ ಕಾಣುವುದಿಲ್ಲ, ಅಂಚಿನಲ್ಲಿ ಗೀಚಿಕೊಂಡ ಟಿಪ್ಪಣಿಯಲ್ಲಿ ಮಾತ್ರ ಉಳಿಯುತ್ತದೆ.

ಈ ಅಂಕಗಳಿಗೆ ಕೆಟ್ಟ ಚರಿತ್ರೆಯೂ ಇದೆ. ಇದೇ ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ತರಗತಿಗೆ ದೂಡಲಾಗಿತ್ತು. 1970ರ ಡಯಾನಾ ಪ್ರಕರಣದಲ್ಲಿ, ಮಕ್ಕಳನ್ನು ಅವರ ಮನೆಮಾತಿನಲ್ಲಿ ಪರೀಕ್ಷಿಸಬೇಕು ಎಂದು ರಾಜ್ಯ ಒಪ್ಪಿಕೊಳ್ಳಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ಕಪ್ಪು ಮಕ್ಕಳ ಪೋಷಕರು ಹೂಡಿದ ಲ್ಯಾರಿ ಪಿ. ಮೊಕದ್ದಮೆಯಲ್ಲಿ 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕ್ಹ್ಯಾಮ್, ಅಂಥ ತರಗತಿಗಳಿಗೆ ಅವರನ್ನು ಸೇರಿಸಲು ಐಕ್ಯೂ ಪರೀಕ್ಷೆ ಬಳಸಕೂಡದೆಂದು ತೀರ್ಪು ಕೊಟ್ಟರು. ಇದನ್ನೆಲ್ಲ ಓದುವಾಗ ನನಗೆ ಧಾರವಾಡದ ವಿ. ವಿ. ಕಾಮತರ ನೆನಪಾಗುತ್ತಿತ್ತು. ಬಿನೆ ಬುದ್ಧಿಮತ್ತೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ ಅವರು ಪ್ರಕಟಿಸಿದ್ದು 1934ರಲ್ಲಿ. ಮಗುವಿನ ಮಾತಿನಲ್ಲೇ ಮಗುವನ್ನು ಕೇಳಬೇಕು ಎಂಬ ತಿಳಿವಳಿಕೆ ನಮ್ಮ ಕಡೆ ಅಷ್ಟು ಹಿಂದೆಯೇ ಇತ್ತು.

ಬೇ ಏರಿಯಾದಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ಸಭೆಗೆ ಬಂದ ಒಬ್ಬ ತಾಯಿ ನನ್ನ ಹೆಸರು ಕೇಳಿ, ‘ನೀವು ಕನ್ನಡದವರಾ ಮೇಡಂ?’ ಎಂದು ಮುಖ ಅರಳಿಸಿದರು. ಮರುಕ್ಷಣವೇ ಕೇಳಿದರು: ‘ಮಗಳು ಮಾತು ತಡವಾಗಿ ಕಲಿತಳು. ಮನೇಲಿ ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಆಡಿ ಅಂತ ಯಾರೋ ಹೇಳಿದ್ರು. ಬಿಟ್ಟುಬಿಡ್ಲಾ? ಅಜ್ಜಿಗೆ ಇಂಗ್ಲಿಷ್ ಬರಲ್ಲ.’ ಬಿಡಬೇಡಿ ಎಂದೆವು, ಸ್ಪೀಚ್ ಥೆರಪಿಸ್ಟೂ ನಾನೂ ಒಟ್ಟಿಗೆ. ಎರಡು ಭಾಷೆ ಕಲಿಯುವುದರಿಂದ ಮಾತಿನ ನ್ಯೂನತೆ ಹುಟ್ಟುವುದಿಲ್ಲ. ತೊಂದರೆ ನಿಜವಾಗಿ ಇದ್ದರೆ ಅದು ಎರಡೂ ಭಾಷೆಗಳಲ್ಲಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಕಂಡರೆ ಅದು ಕಲಿಕೆ ಇನ್ನೂ ನಡೆಯುತ್ತಿರುವುದರ ಗುರುತು. ಅಜ್ಜಿಯ ಜೊತೆಗಿನ ಮಾತೇ ನಿಂತರೆ ಮಗುವಿಗೆ ಆಗುವುದು ನಷ್ಟವೇ.

ಆ ಸಭೆಯಲ್ಲಿ ನಾನೇ ದುಭಾಷಿಯಾಗಿಬಿಡುತ್ತೇನೆ ಎಂದು ಹೊರಟಿದ್ದೆ. ಮೇಲ್ವಿಚಾರಕಿ ಬೇಡವೆಂದರು. ದುಭಾಷಿ ಇಬ್ಬರ ಮಾತನ್ನೂ ಇದ್ದದ್ದು ಇದ್ದಂತೆ ದಾಟಿಸಬೇಕು. ಸೈಕಾಲಜಿಸ್ಟ್‌ಗೆ ತನ್ನದೇ ಅಭಿಪ್ರಾಯವಿರುತ್ತದೆ. ಎರಡೂ ಟೋಪಿ ಒಂದೇ ತಲೆಯ ಮೇಲಿದ್ದರೆ, ಆ ತಾಯಿ ನನ್ನ ಅಭಿಪ್ರಾಯವನ್ನು ಒಪ್ಪದಿದ್ದಾಗ ಅವರ ಪರವಾಗಿ ಮಾತಾಡುವವರು ಯಾರು? ಡಿಸ್ಟ್ರಿಕ್ಟ್ ಫೋನಿನಲ್ಲಿ ಬೇರೆ ದುಭಾಷಿಯನ್ನು ಒದಗಿಸಿತು. ಕನ್ನಡ ಬಂದೂ ಸುಮ್ಮನಿರುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಅದು ಸರಿಯೆಂಬುದೂ ತಿಳಿಯಿತು: ಆ ತಾಯಿ ನನ್ನ ಒಂದು ಶಿಫಾರಸನ್ನು ಧಾರಾಳವಾಗಿ ತಳ್ಳಿಹಾಕಿದರು.

ನಮ್ಮವರ ಜೊತೆ ಇನ್ನೊಂದು ತೊಡಕು ಪರ್ಸೆಂಟೈಲ್‌ನದು. ‘25ನೇ ಪರ್ಸೆಂಟೈಲ್’ ಎಂದು ಓದಿದೊಡನೆ ಸಾಫ್ಟ್‌ವೇರ್ ಅಪ್ಪಂದಿರ ಮುಖ ಕಂದುತ್ತದೆ. ನೂರಕ್ಕೆ 25, ಅಂದರೆ ಫೇಲು! ಸಿಇಟಿ, ಜೆಇಇ ದಾಟಿ ಬಂದವರಿಗೆ 99ಕ್ಕಿಂತ ಕೆಳಗಿನದೆಲ್ಲ ಪಾತಾಳ. ಅದು 90 ಅಂಕಕ್ಕೆ ಸಮ, ಸಾಮಾನ್ಯ ವ್ಯಾಪ್ತಿಯೊಳಗೇ ಇದೆ, ಇದೇ ವಯಸ್ಸಿನ ನೂರು ಮಕ್ಕಳಲ್ಲಿ 25 ಮಂದಿ ನಿಮ್ಮ ಮಗಳ ಮಟ್ಟದಲ್ಲೋ ಕೆಳಗೋ ಇದ್ದಾರೆ ಎಂದು ಬಿಡಿಸಿ ಹೇಳುತ್ತೇನೆ. ಆಮೇಲೆ ಬರುತ್ತದೆ ನಿಜವಾದ ಭಯ: ‘ಇದು ದಾಖಲೆಯಲ್ಲಿ ಉಳಿಯುತ್ತಾ? ಕಾಲೇಜಿಗೆ ತೊಂದರೆಯಾಗುತ್ತಾ?’ ಮಕ್ಕಳ ಶಾಲಾ ದಾಖಲೆಗಳಿಗೆ 1974ರ ಕಾಯ್ದೆಯ ರಕ್ಷಣೆ ಇದೆ, ವಿಶೇಷ ಶಿಕ್ಷಣದ ಕಡತ ತಾನಾಗಿ ಕಾಲೇಜಿಗೆ ಹೋಗುವುದಿಲ್ಲ ಎಂದು ಹೇಳಿದಾಗಲೇ ಅವರು ಮಗುವಿನ ವಿಷಯಕ್ಕೆ ಬರುತ್ತಾರೆ. ಈ ಭಯಕ್ಕೆ ಮೊದಲು ಜಾಗ ಕೊಡದಿದ್ದರೆ ಉಳಿದ ಮಾತು ಯಾವುದೂ ಕಿವಿಗೆ ಬೀಳುವುದಿಲ್ಲ.

ಪ್ಲಾನಿಗೆ ಸಿಗದ ದಿನಗಳೂ ಇದ್ದವು. ಬದುಕುವುದೇ ಬೇಡ ಎಂದು ನೋಟ್‌ಬುಕ್ಕಿನಲ್ಲಿ ಬರೆದ ಹುಡುಗಿ, ಮೈಮೇಲಿನ ಗುರುತನ್ನು ಅಂಗಿಯ ತೋಳು ಎಳೆದು ಮುಚ್ಚಿಕೊಳ್ಳುವ ಹುಡುಗ. ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಸಕಾರಣ ಅನುಮಾನ ಬಂದರೆ ಕ್ಯಾಲಿಫೋರ್ನಿಯಾದಲ್ಲಿ ನಾವು ಕೂಡಲೇ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ಫೋನ್ ಮಾಡಬೇಕು, 36 ಗಂಟೆಯೊಳಗೆ ಲಿಖಿತ ವರದಿ ಕೊಡಬೇಕು. ಸಾಬೀತು ಮಾಡುವುದು ನಮ್ಮ ಕೆಲಸವಲ್ಲ. ಅಂಥ ದಿನ ಮೇಲ್ವಿಚಾರಕಿಯ ಬಾಗಿಲು ತಟ್ಟಲು ಇಂಟರ್ನ್ ಸಂಕೋಚಪಡಬಾರದು. ಆ ಒಂದು ವರ್ಷ ಇರುವುದೇ ಅದಕ್ಕೆ.

ಕೊನೆಗೆ ವರದಿ. ಇಪ್ಪತ್ತು ಪುಟದ ವರದಿ ಬರೆಯುವುದು ಸುಲಭ. ಅರ್ಧಕ್ಕರ್ಧ ಕೋಷ್ಟಕವೇ ತುಂಬುತ್ತದೆ. ಅದನ್ನು ತಾಯಿ ಓದಿದರೆ ತನ್ನ ಮಗ ಕಾಣಬೇಕು, ಟೀಚರ್ ಓದಿದರೆ ಸೋಮವಾರ ಬೆಳಿಗ್ಗೆ ಮಾಡಬೇಕಾದ ಕೆಲಸ ಕಾಣಬೇಕು. ನನ್ನ ಮೇಲ್ವಿಚಾರಕಿಯ ಅಳತೆಗೋಲು ಇದಿಷ್ಟೇ. ‘ಶ್ರವಣ ಸಂಸ್ಕರಣೆ ದುರ್ಬಲ’ ಎಂದು ಬರೆದು ಬಿಡುವುದಕ್ಕಿಂತ ‘ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಬೋರ್ಡಿನ ಮೇಲೂ ಬರೆಯಿರಿ’ ಎಂದು ಬರೆದರೆ ಮಗುವಿಗೆ ಉಪಕಾರ. ನಾಲ್ಕನೇ ತರಗತಿಯ ಆ ಹುಡುಗನಿಗೆ ನಾವು ಬರೆದದ್ದು ದಿನಕ್ಕಿಷ್ಟು ಹೊತ್ತು, ಚಿಕ್ಕ ಗುಂಪಿನಲ್ಲಿ, ಅಕ್ಷರ ಮತ್ತು ದನಿಯನ್ನು ಜೋಡಿಸುವ ಕ್ರಮಬದ್ಧ ಓದಿನ ಪಾಠ. ಜೊತೆಗೆ ವಿಜ್ಞಾನದ ಪುಸ್ತಕ ಕಿವಿಯಲ್ಲಿ ಕೇಳಲು ಅನುಕೂಲ.

ನಮ್ಮಲ್ಲೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಪಟ್ಟಿಗೆ ಸೇರಿಸಿದೆ. ಊರಿಂದ ಫೋನ್ ಮಾಡುವ ನೆಂಟರಿಷ್ಟರು ಕೇಳುವುದು ಹೆಚ್ಚಾಗಿ ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಾಗ, ಹೆಚ್ಚಿನ ಸಮಯ ಸಿಗಲು ಬೇಕಾದ ಸರ್ಟಿಫಿಕೇಟಿನ ಬಗ್ಗೆ. ಅದು ಬೇಕು, ಮಾಡಿಸಿ ಎನ್ನುತ್ತೇನೆ. ಆದರೆ ಮಗು ಎರಡನೇ ತರಗತಿಯಲ್ಲಿ ಓದಲು ತಡವರಿಸುವಾಗಲೇ ಕರೆದುಕೊಂಡು ಹೋಗಿ, ಪರೀಕ್ಷಿಸಿದವರನ್ನು ಮೂರು ಪ್ರಶ್ನೆ ಕೇಳಿ ಎಂದೂ ಹೇಳುತ್ತೇನೆ: ಯಾವ ಭಾಷೆಯಲ್ಲಿ ಪರೀಕ್ಷೆ ಮಾಡಿದಿರಿ? ಮಗುವಿಗೆ ಯಾವುದು ಚೆನ್ನಾಗಿ ಬರುತ್ತದೆ? ನಾಳೆಯಿಂದ ಶಾಲೆಯಲ್ಲಿ ಏನು ಬದಲಾಗಬೇಕು? ಮೂರಕ್ಕೂ ಉತ್ತರ ಸಿಗದಿದ್ದರೆ ಶುಲ್ಕ ಕೊಟ್ಟು ಎದ್ದು ಬರಬೇಡಿ, ಉತ್ತರ ಪಡೆದೇ ಬನ್ನಿ.