ಕಣ್ಣಿದ್ದವರಿಗೆ ಕನಕಗಿರಿ: ರಜೆ ಸಾರ್ಥಕವಾಗಲು ಎಂಟು ಸೂತ್ರಗಳು

ರಜೆ ಬಂತೆಂದರೆ ತಾವರಗೇರಾದಿಂದ ಗಾಡಿಗಳು ಹಂಪಿ, ಅಂಜನಾದ್ರಿಯ ಕಡೆ ಓಡುತ್ತವೆ. ದಾರಿಯಲ್ಲಿ ಸಿಗುವ ನಮ್ಮ ಕೊಪ್ಪಳ ಜಿಲ್ಲೆಯ ಕನಕಗಿರಿ ಕಿಟಕಿಯಲ್ಲೇ ದಾಟಿಹೋಗುತ್ತದೆ. ‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

1. ಹಂಪಿಯ ಜೊತೆ ಗಂಟು ಹಾಕಬೇಡಿ. ಒಂದೇ ದಿನದಲ್ಲಿ ಎರಡನ್ನೂ ಮುಗಿಸುವ ಹಟದಲ್ಲಿ ಕನಕಗಿರಿಗೆ ಸಿಗುವುದು ಅರ್ಧ ತಾಸು ಮಾತ್ರ. ಒಂದು ಇಡೀ ದಿನ ಕೊಡಿ. ರಾತ್ರಿ ತಂಗಲು ಸುಮಾರು 20 ಕಿ.ಮೀ. ದೂರದ ಗಂಗಾವತಿ ಅನುಕೂಲ.

2. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ನಮ್ಮ ಸೀಮೆಯ ಏಪ್ರಿಲ್-ಮೇ ಬಿಸಿಲಲ್ಲಿ ಕಲ್ಲಿನ ಮೇಲೆ ಬರಿಗಾಲು ಇಡಲಾಗದು. ಫಾಲ್ಗುಣದ ಜಾತ್ರೆಗೆ ಹೋಗುವವರು ತೇರು ನೋಡಲೆಂದೇ ಹೋಗಲಿ. ಆ ಜನಜಂಗುಳಿಯಲ್ಲಿ ಶಿಲ್ಪ ನೋಡಲು ಆಗುವುದಿಲ್ಲ.

3. ಕನಕಾಚಲಪತಿ ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಿ, ಕೈ ಮುಗಿದು ಹೊರಡದೆ ಅಲ್ಲೇ ಕೂತುಬಿಡಿ. ಓರೆಯಾಗಿ ಬೀಳುವ ಬೆಳಗಿನ ಬಿಸಿಲಲ್ಲಿ ಗೋಪುರದ, ಗೋಡೆಯ ಶಿಲ್ಪಗಳು ಎದ್ದು ಕಾಣುತ್ತವೆ. ವಿಜಯನಗರ ಕಾಲದ ಈ ಗುಡಿಯಲ್ಲಿ ಮಂಟಪದ ಕಂಬಗಳು ಭವ್ಯವಾಗಿವೆ. ಕರಿಕಲ್ಲಿನಲ್ಲಿ ಕಡೆದ ರಾಜರಾಣಿಯರಿದ್ದಾರೆ, ಮರದ ಮೂರ್ತಿಗಳಿವೆ, ಪುರಾಣದ ಗಾರೆ ಗೊಂಬೆಗಳಿವೆ. ಕಲ್ಲು, ಮರ, ಗಾರೆ ಮೂರೂ ಒಂದೇ ಗುಡಿಯಲ್ಲಿ ಇರುವುದೇ ಇದರ ವಿಶೇಷ. ಇಂಥದ್ದನ್ನು ನೋಡಲು ತಾಳ್ಮೆ ಬೇಕು. ಇಟಲಿಯ ದಕ್ಷಿಣದ ಸಿಸಿಲಿಯಲ್ಲಿ ನೋಟೊ ಎಂಬ ಪುಟ್ಟ ಊರಿದೆ. 1693ರ ಭೂಕಂಪದಲ್ಲಿ ನೆಲಸಮವಾಗಿ ಬರೋಕ್ ಶೈಲಿಯಲ್ಲಿ ಮರುಹುಟ್ಟು ಪಡೆದ ಊರದು. ಅಲ್ಲಿ ಪ್ರವಾಸಿಗರು ಬಾಲ್ಕನಿ ಹೊತ್ತ ಕಲ್ಲಿನ ಕುದುರೆ, ಸಿಂಹಗಳನ್ನು ಬೀದಿಯಲ್ಲಿ ನಿಂತು ಕತ್ತೆತ್ತಿ ನೋಡುತ್ತಾರೆ. ನಮ್ಮ ಗೋಪುರಕ್ಕೂ ಅಷ್ಟೇ ತಾಳ್ಮೆ ಸಲ್ಲಬೇಕು.

4. ವೆಂಕಟಪತಿ ಬಾವಿ ಬಿಡಬೇಡಿ. ಊರ ಹೊರಗೆ ಇಲ್ಲಿನ ಪಾಳೆಯಗಾರ ವೆಂಕಟಪ್ಪ ನಾಯಕ ಕಟ್ಟಿಸಿದ ರಾಜರ ಸ್ನಾನದ ಕೊಳವಿದು. ಪಾಳೆಯಗಾರರ ಒಂದು ಚಿಕ್ಕ ಮನೆತನ ನೀರಿಗೂ ಇಷ್ಟು ಅಲಂಕಾರ ಮಾಡಿತ್ತು. ನನ್ನ ಮಟ್ಟಿಗೆ ಊರಿನ ಅತ್ಯಂತ ಚೆಲುವಾದ ಜಾಗ ಇದೇ. ಮಕ್ಕಳ ಕೈ ಹಿಡಿದುಕೊಂಡೇ ಇಳಿಯಿರಿ.

5. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಸಂಜೆಗೆ ಮಂಡಕ್ಕಿ-ಮಿರ್ಚಿ.

6. ಹಳೆಯ ಹೆಸರು ತಿಳಿದುಕೊಂಡು ಹೋಗಿ. ಕನಕಗಿರಿಯೇ ಅಶೋಕನ ದಕ್ಷಿಣ ಪ್ರಾಂತ್ಯದ ಸುವರ್ಣಗಿರಿ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ, ಬೇರೆ ಊರುಗಳನ್ನು ಹೆಸರಿಸುವವರೂ ಇದ್ದಾರೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿದ್ದು ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅವನ ಶಾಸನಗಳಿವೆ. ಇದನ್ನು ಮಕ್ಕಳಿಗೆ ಗಾಡಿಯಲ್ಲೇ ಹೇಳಿ, ಇಳಿದ ಮೇಲೆ ಅವರ ಕಣ್ಣು ತಾನೇ ಹುಡುಕುತ್ತದೆ.

7. ಇನ್ನೊಂದು ದಿನ ಸಿಕ್ಕರೆ ಇಟಗಿ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿನ ಶಾಸನ ‘ದೇವಾಲಯ ಚಕ್ರವರ್ತಿ’ ಎಂದೇ ಕರೆದಿದೆ. ಆ ಬಿರುದು ಒಂದಿಷ್ಟೂ ಹೆಚ್ಚಾಗಿಲ್ಲ. ಹತ್ತಿರದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಯಿದೆ. ಮರಳುವಾಗ ಕಿನ್ನಾಳದಲ್ಲಿ ಚಿತ್ರಗಾರರ ಮನೆಗೇ ಹೋಗಿ ಬಣ್ಣದ ಮರದ ಗೊಂಬೆ ಕೊಳ್ಳಿ, ಚೌಕಾಸಿ ಮಾಡಬೇಡಿ. ಹಗುರ ಮರಕ್ಕೆ ಹುಣಸೆ ಬೀಜದ ಅಂಟು ಬಳಿದು ರೂಪ ಕೊಡುವ ಈ ಕೆಲಸಕ್ಕೆ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಆದರೆ ಕುಂಚ ಹಿಡಿಯುವ ಮನೆಗಳು ಉಳಿಯಬೇಕಾದರೆ ಗಿರಾಕಿ ಬೇಕು.

8. ಗಾರೆ ಗೊಂಬೆಗಳನ್ನು ಮುಟ್ಟಬೇಡಿ, ಒರಗಬೇಡಿ, ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಕಲ್ಲಿನಷ್ಟು ಗಾರೆ ತಾಳುವುದಿಲ್ಲ, ಮುರಿದ ಬೆರಳು ಮತ್ತೆ ಕೂಡುವುದಿಲ್ಲ. ಯಾರಾದರೂ ಗೀಚುತ್ತಿದ್ದರೆ ಸಂಕೋಚಪಡದೆ ತಡೆಯಿರಿ.