ಅವಧಿ ಮುಗಿಯುತ್ತಿರುವ ಪಾಸ್‌ಪೋರ್ಟ್: ಟಿಕೆಟ್ ತೆಗೆಯುವ ಮೊದಲು ಮಾಡಬೇಕಾದ ಲೆಕ್ಕ

ಪಾಸ್‌ಪೋರ್ಟಿನಲ್ಲಿ ಅಚ್ಚಾಗಿರುವ ಮುಕ್ತಾಯ ದಿನಾಂಕದವರೆಗೂ ಅದನ್ನು ಹಿಡಿದು ಎಲ್ಲಿಗೆ ಬೇಕಾದರೂ ಹೋಗಬಹುದು ಎಂದು ನಂಬುವಂತಿಲ್ಲ. ಯುಎಇ, ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾ, ಶ್ರೀಲಂಕಾ ಮುಂತಾದ ದೇಶಗಳು ಭಾರತದ ಪ್ರವಾಸಿಗಳಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಕೇಳುತ್ತವೆ. ಬಂದವರು ಕಾಯಿಲೆ ಬಿದ್ದೋ, ವಿಮಾನ ರದ್ದಾಗಿಯೋ ಹೆಚ್ಚು ದಿನ ಉಳಿಯಬೇಕಾಗಿ ಬಂದಾಗ ಪಾಸ್‌ಪೋರ್ಟ್ ಕೈಕೊಡಬಾರದು ಎಂಬುದು ಇದರ ಹಿಂದಿನ ಕಾರಣ.

ಲೆಕ್ಕ ಹಾಕುವ ಬಗೆ ದೇಶದಿಂದ ದೇಶಕ್ಕೆ ಬೇರೆ. 2026ರ ನವೆಂಬರ್ 14ಕ್ಕೆ ಮುಗಿಯುವ ಪಾಸ್‌ಪೋರ್ಟನ್ನೇ ತೆಗೆದುಕೊಂಡರೆ, ಮೇ 20ಕ್ಕೆ ದುಬೈನಲ್ಲಿ ಇಳಿಯುವ ಪ್ರವಾಸಿಗೆ 6 ತಿಂಗಳಿಗೆ ಕೆಲವು ದಿನ ಕಡಿಮೆ ಬೀಳುತ್ತದೆ, ಪ್ರಯಾಣ ನಡೆಯದು. ಅದೇ ಪಾಸ್‌ಪೋರ್ಟಿನಲ್ಲಿ ಪ್ಯಾರಿಸ್‌ಗೆ ಹೋಗಿ ಜೂನ್ 5ಕ್ಕೆ ಹಿಂದಿರುಗುವುದಕ್ಕೆ ಅಡ್ಡಿಯಿಲ್ಲ. ಫ್ರಾನ್ಸ್ ಸೇರಿದ ಷೆಂಗೆನ್ ವಲಯ ಕೇಳುವುದು ಅಲ್ಲಿಂದ ಹೊರಡುವ ದಿನದ ನಂತರ 3 ತಿಂಗಳ ಅವಧಿ. ಜೊತೆಗೆ ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಬ್ರಿಟನ್‌ಗೆ ಅಲ್ಲಿರುವಷ್ಟು ದಿನ ಚಾಲ್ತಿಯಲ್ಲಿದ್ದರೆ ಸಾಕು. ನೇಪಾಳ, ಭೂತಾನ್‌ಗಳಿಗೆ ಮತದಾರರ ಗುರುತಿನ ಚೀಟಿಯಲ್ಲೇ ಹೋಗಿಬರಬಹುದು.

ಅಮೆರಿಕದ ವಿಷಯ ಸ್ವಲ್ಪ ಸೂಕ್ಷ್ಮ. 6 ತಿಂಗಳ ನಿಯಮದಿಂದ ಅದು ವಿನಾಯಿತಿ ಕೊಟ್ಟಿರುವ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ. ಹಾಗೆಂದು ಮಗಳ ಬಾಣಂತನಕ್ಕೆ ಹೊರಟ ತಂದೆ ತಾಯಿ ನಿಶ್ಚಿಂತರಾಗುವಂತಿಲ್ಲ. ಸಾಮಾನ್ಯವಾಗಿ 6 ತಿಂಗಳು ಇರಲು ಅನುಮತಿ ಸಿಗುವ ಕಡೆ, ಪಾಸ್‌ಪೋರ್ಟ್ 3 ತಿಂಗಳಲ್ಲಿ ಮುಗಿಯುವುದಾದರೆ ಐ-94 ದಾಖಲೆಯಲ್ಲಿ ಆ ದಿನಾಂಕಕ್ಕೇ ವಾಸದ ಗಡುವು ಬೀಳಬಹುದು. ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ನೋಡಿ ಹಿಂದಿರುಗುವ ಟಿಕೆಟ್ ತೆಗೆಸಿದವರು ಇಳಿದ ಕೂಡಲೇ ಐ-94ರ ದಿನಾಂಕವನ್ನೂ ನೋಡಿಕೊಳ್ಳಬೇಕು.

ಮೈಸೂರಿನ ಪಕ್ಕದ ಇಲವಾಲದಿಂದ ನಗರಕ್ಕೆ ಬಂದು, ಫ್ಲೈಬಸ್ ಹತ್ತಿ ದೇವನಹಳ್ಳಿಯ ವಿಮಾನ ನಿಲ್ದಾಣ ಮುಟ್ಟಿದವರನ್ನು ಮೊದಲು ತಡೆಯುವುದು ಇಮಿಗ್ರೇಷನ್ ಅಧಿಕಾರಿಯಲ್ಲ, ಚೆಕ್-ಇನ್ ಕೌಂಟರಿನ ಸಿಬ್ಬಂದಿ. ಪ್ರವೇಶ ಸಿಗದ ಪ್ರಯಾಣಿಕನನ್ನು ವಾಪಸು ಕರೆತರುವ ಹೊಣೆ, ಹಲವು ಕಡೆ ದಂಡ ಕೂಡ, ವಿಮಾನ ಸಂಸ್ಥೆಯ ಮೇಲೆ ಬೀಳುತ್ತದೆ. ಅದಕ್ಕೇ ಅವರು ಪ್ರತಿ ದೇಶದ ನಿಯಮವಿರುವ ಟೈಮ್ಯಾಟಿಕ್ ಎಂಬ ದತ್ತಾಂಶವನ್ನು ನೋಡಿ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಅಲ್ಲಿ ವಾದ ಮಾಡಿ ಗೆದ್ದವರು ವಿರಳ. ನಡುವೆ ವಿಮಾನ ಬದಲಿಸುವ ಊರಿನಲ್ಲಿ ನಿಲ್ದಾಣದಿಂದ ಹೊರಗೆ ಹೋಗುವುದಿದ್ದರೆ ಆ ದೇಶದ ನಿಯಮವೂ ಅನ್ವಯಿಸುತ್ತದೆ. ವೀಸಾಕ್ಕೆ ಖಾಲಿ ಪುಟ ಉಳಿದಿದೆಯೇ ಎಂಬುದೂ ಮುಖ್ಯ. ಷೆಂಗೆನ್ ವೀಸಾಕ್ಕೆ ಕನಿಷ್ಠ 2 ಖಾಲಿ ಪುಟ ಬೇಕು.

ಲೆಕ್ಕದಲ್ಲಿ ಅವಧಿ ಸಾಲದೆಂದು ಕಂಡರೆ ನವೀಕರಣವೇ ದಾರಿ. ಕಚೇರಿಯ ಭಾಷೆಯಲ್ಲಿ ಇದು ಮರುವಿತರಣೆ: ಹಳೆಯದರ ಅವಧಿ ವಿಸ್ತರಿಸುವುದಿಲ್ಲ, ಹೊಸ ಸಂಖ್ಯೆಯ ಹೊಸ ಪುಸ್ತಕ ಕೊಡುತ್ತಾರೆ. ಅವಧಿ ಮುಗಿಯುವ 1 ವರ್ಷ ಮೊದಲಿನಿಂದಲೇ ಅರ್ಜಿ ಹಾಕಬಹುದು. ಹಳೆಯದರಲ್ಲಿ ಉಳಿದ ತಿಂಗಳುಗಳು ಹೊಸದಕ್ಕೆ ಸೇರುವುದಿಲ್ಲ, ನಿಜ. ಆದರೆ ಆ ನಷ್ಟಕ್ಕೆ ಹೆದರಿ ಕಾಯುವುದರಲ್ಲಿ ಜಾಣತನವಿಲ್ಲ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷಕ್ಕೇ ಮುಗಿಯುವುದರಿಂದ ಮನೆಯವರೆಲ್ಲರ ಪುಸ್ತಕಗಳನ್ನೂ ಒಟ್ಟಿಗೆ ತೆರೆದು ನೋಡುವುದು ಒಳ್ಳೆಯದು.

ಅರ್ಜಿಯನ್ನು ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ತುಂಬಬೇಕು. ಅದರ ವಿಳಾಸ ‘ಗವ್ ಡಾಟ್ ಇನ್’ ಎಂದು ಕೊನೆಯಾಗುತ್ತದೆ. ಅದೇ ಚಹರೆಯ ನಕಲಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ವಯಸ್ಕರ 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, 60 ಪುಟದ್ದಕ್ಕೆ 2,000. ಪದೇ ಪದೇ ಓಡಾಡುವವರಿಗೆ ಎರಡನೆಯದೇ ಲಾಭ. ತತ್ಕಾಲ್‌ಗೆ ಇದರ ಮೇಲೆ 2,000 ಹೆಚ್ಚು. ಹಣ ಕಟ್ಟಿದ ಮೇಲೆ ದಿನ, ವೇಳೆ ಗೊತ್ತುಮಾಡಿಕೊಳ್ಳಬೇಕು.

ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ಮೈಸೂರಿನಲ್ಲೇ 2017ರ ಜನವರಿ 25ರಂದು ಆರಂಭವಾಯಿತು. ಅದಕ್ಕೂ ಮೊದಲು ಇಲ್ಲಿನವರು ಈ ಕೆಲಸಕ್ಕೆ ಬೆಂಗಳೂರಿಗೆ ಹೋಗಿಬರಬೇಕಿತ್ತು. ಮೈಸೂರಿನಲ್ಲಿ ಬೇಕಾದ ದಿನ ಸಿಗದಿದ್ದರೆ ಬೆಂಗಳೂರಿನ ಲಾಲ್‌ಬಾಗ್ ಅಥವಾ ಮಾರತ್ತಹಳ್ಳಿ ಕೇಂದ್ರವನ್ನು ಈಗಲೂ ಆರಿಸಿಕೊಳ್ಳಬಹುದು.

ಇಲವಾಲದ ಸುತ್ತಮುತ್ತಲ ಬಡಾವಣೆಗಳಿಗೆ ನಗರದಿಂದ ಬಂದು ನೆಲೆಸಿದವರಿಗೆ ಕೆಲಸ ನಿಧಾನವಾಗುವುದು ವಿಳಾಸದಲ್ಲಿ. ಹಳೆಯ ಪಾಸ್‌ಪೋರ್ಟಿನಲ್ಲಿ ಸರಸ್ವತಿಪುರಂ ಮನೆ, ಆಧಾರ್‌ನಲ್ಲಿ ಇನ್ನೊಂದು, ವಾಸ ಮತ್ತೊಂದು ಕಡೆ ಇದ್ದರೆ ಪೊಲೀಸ್ ಪರಿಶೀಲನೆಗೆ ತೊಡಕು. ಊರಿನ ಹೆಸರೇ ಇಂಗ್ಲಿಷ್ ದಾಖಲೆಗಳಲ್ಲಿ ಒಂದರಲ್ಲಿ ಯಲ್ವಾಲ್, ಇನ್ನೊಂದರಲ್ಲಿ ಇಲವಾಲ ಎಂದಿರುತ್ತದೆ. ಮೊದಲು ಆಧಾರ್ ತಿದ್ದಿಸಿ, ಅದರಲ್ಲಿರುವ ಕಾಗುಣಿತವನ್ನೇ ಅರ್ಜಿಯಲ್ಲಿ ಬರೆಯುವುದು ಸುರಕ್ಷಿತ. ಮನೆಯ ಸೆಸ್ಕ್ ವಿದ್ಯುತ್ ಬಿಲ್ಲೂ ಜೊತೆಗಿರಲಿ.

ಕೇಂದ್ರಕ್ಕೆ ಹಳೆಯ ಪಾಸ್‌ಪೋರ್ಟಿನ ಮೂಲ ಪ್ರತಿ, ಅದರ ಮೊದಲ ಮತ್ತು ಕೊನೆಯ ಎರಡೆರಡು ಪುಟಗಳ ಸಹಿ ಮಾಡಿದ ಜೆರಾಕ್ಸ್ ಒಯ್ಯಬೇಕು. ಬೆರಳಚ್ಚು ಕೊಟ್ಟು, ದಾಖಲೆ ತೋರಿಸಿದರೆ ಅಲ್ಲಿನ ಕೆಲಸ ಮುಗಿಯಿತು. ಪರಿಶೀಲನೆ ಅಗತ್ಯವೆಂದು ಕಚೇರಿ ತೀರ್ಮಾನಿಸಿದರೆ ಠಾಣೆಯಿಂದ ಕರೆ ಬರುತ್ತದೆ. ಆ ದಿನಗಳಲ್ಲಿ ಊರಲ್ಲಿರುವುದು, ಅರ್ಜಿಯಲ್ಲಿ ಕೊಟ್ಟ ಮೊಬೈಲ್ ಎತ್ತುವುದು ಅವಶ್ಯ. ಪುಸ್ತಕ ಸ್ಪೀಡ್ ಪೋಸ್ಟ್‌ನಲ್ಲಿ ಬರುತ್ತದೆ. ವಿಚಾರಣೆಗೆ 1800-258-1800 ಶುಲ್ಕರಹಿತ ಸಂಖ್ಯೆ.

ಹೊಸ ಪುಸ್ತಕ ಬಂದ ಮೇಲೂ ಕೆಲಸ ಉಳಿಯುತ್ತದೆ. ರದ್ದಾದ ಹಳೆಯದರಲ್ಲಿ ಅಮೆರಿಕದ ವೀಸಾ ಇನ್ನೂ ಚಾಲ್ತಿಯಲ್ಲಿದ್ದರೆ ಎರಡನ್ನೂ ಒಟ್ಟಿಗೆ ಒಯ್ದರಾಯಿತು, ವೀಸಾ ಪುಟಕ್ಕೆ ಹಾನಿಯಾಗಿರಬಾರದು ಅಷ್ಟೆ. ಆದರೆ ಆನ್‌ಲೈನ್‌ನಲ್ಲಿ ಪಡೆದ ಇ-ವೀಸಾಗಳು ಸಾಮಾನ್ಯವಾಗಿ ಪಾಸ್‌ಪೋರ್ಟ್ ಸಂಖ್ಯೆಗೇ ಅಂಟಿಕೊಂಡಿರುತ್ತವೆ; ಹಳೆಯ ಸಂಖ್ಯೆಯಲ್ಲಿ ಪಡೆದದ್ದು ಹೊಸದಕ್ಕೆ ತಾನಾಗಿ ವರ್ಗವಾಗದು. ಬ್ರಿಟನ್‌ನ ಡಿಜಿಟಲ್ ವೀಸಾ ಇದ್ದವರು ತಮ್ಮ ಆನ್‌ಲೈನ್ ಖಾತೆಯಲ್ಲಿ ಹೊಸ ಸಂಖ್ಯೆ ನಮೂದಿಸಬೇಕು. ಟಿಕೆಟ್ ಮೊದಲೇ ತೆಗೆದಿದ್ದರೆ ವಿಮಾನ ಸಂಸ್ಥೆಗೆ ಕೊಟ್ಟಿರುವ ಸಂಖ್ಯೆಯನ್ನೂ, ಪ್ರಯಾಣ ವಿಮೆಯಲ್ಲಿರುವುದನ್ನೂ ಬದಲಿಸಿಕೊಳ್ಳಬೇಕಾಗುತ್ತದೆ.