ಹುಲ್ಲಿಗೆ ಬೂಷ್ಟು ಯಾಕೆ ಬರುತ್ತದೆ?

ನಮ್ಮ ತರಗತಿಯಲ್ಲಿ ತುಂಬಾ ಮಕ್ಕಳ ಮನೆಯಲ್ಲಿ ದನ ಉಂಟು. ಆದ್ದರಿಂದ ಈ ಸಲದ ಗೋಡೆ ಪತ್ರಿಕೆಗೆ ನಾನು ದನದ ಮೇವಿಗೆ ಬರುವ ಬೂಷ್ಟಿನ ಬಗ್ಗೆ ಬರೆಯುತ್ತೇನೆ. ವಿಜ್ಞಾನ ಪಾಠದಲ್ಲಿ ಶಿಲೀಂಧ್ರ ಅಂತ ಓದಿದ್ದೇವಲ್ಲ, ಅದೇ ಇದು. ಮಳೆಗಾಲದಲ್ಲಿ ಚರ್ಮದ ಚಪ್ಪಲಿಯ ಮೇಲೆ ಬೆಳ್ಳಗೆ ಬರುವುದೂ ಇದರ ಜಾತಿಯೇ.

ಬೂಷ್ಟಿನ ಬೀಜಕಗಳು ಗಾಳಿಯಲ್ಲಿ ಎಲ್ಲ ಕಡೆ ಇರುತ್ತವೆ. ಅವು ಬೆಳೆಯಲು ತಿನ್ನಲಿಕ್ಕೆ ಏನಾದರೂ ಬೇಕು, ನೀರಿನ ಪಸೆ ಬೇಕು, ಗಾಳಿ ಬೇಕು. ಹುಲ್ಲೇ ಅದರ ಊಟ. ಅದನ್ನು ತೆಗೆದರೆ ದನಕ್ಕೆ ಏನು ಹಾಕುವುದು? ಹಾಗಾಗಿ ಉಳಿಯುವುದು ಎರಡೇ ದಾರಿ. ನೀರು ತೆಗೆಯಬೇಕು, ಇಲ್ಲವೇ ಗಾಳಿ ತೆಗೆಯಬೇಕು. ಬೈಹುಲ್ಲಿನಲ್ಲಿ ನಾವು ನೀರು ತೆಗೆಯುತ್ತೇವೆ. ರಸಮೇವಿನಲ್ಲಿ ಗಾಳಿ ತೆಗೆಯುತ್ತಾರೆ.

ಬೈಹುಲ್ಲಿನ ವಿಷಯ ನಿಮಗೆಲ್ಲ ಗೊತ್ತಿದ್ದದ್ದೇ. ನೂರು ಕಿಲೋ ಹುಲ್ಲಿನಲ್ಲಿ ನೀರು ಸುಮಾರು 15 ಕಿಲೋಕ್ಕಿಂತ ಕಡಿಮೆ ಇದ್ದರೆ ಬೂಷ್ಟು ಬರುವುದಿಲ್ಲ. ಸುಗ್ಗಿ ಬೆಳೆಯ ಹುಲ್ಲು ಬಿಸಿಲಲ್ಲಿ ಒಣಗುತ್ತದೆ, ತೊಂದರೆ ಇಲ್ಲ. ಏಣಿಲು ಬೆಳೆಯದ್ದೇ ಕಷ್ಟ. ಅಕ್ಟೋಬರದಲ್ಲಿ ಕೊಯ್ಲಿನ ಹೊತ್ತಿಗೆ ಸಂಜೆ ಗುಡುಗು ಮಳೆ ಬರುತ್ತದೆ. ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಮೊದಲು ಕೈಯಲ್ಲಿ ಕೊಯ್ದು ಸೂಡಿ ಕಟ್ಟಿ ಅಂಗಳಕ್ಕೆ ತರುತ್ತಿದ್ದರು. ಈಗ ಕಟಾವು ಮಿಷಿನ್ ಹುಲ್ಲನ್ನು ಗದ್ದೆಯ ಕೆಸರಿನಲ್ಲೇ ಬಿಟ್ಟು ಹೋಗುತ್ತದೆ. ಅದನ್ನು ಒದ್ದೆ ಇದ್ದಾಗಲೇ ರಾಶಿ ಹಾಕಿದರೆ ಒಳಗೆ ಕೈ ಹಾಕಲು ಆಗದಷ್ಟು ಬಿಸಿಯಾಗುತ್ತದೆ. ಅದು ಸೂಕ್ಷ್ಮಜೀವಿಗಳ ಉಸಿರಾಟದ ಬಿಸಿ. ನೆಲಕ್ಕೆ ತಾಗದಂತೆ ಅಡಿಗೆ ಕಲ್ಲು, ಅದರ ಮೇಲೆ ಅಡಿಕೆ ಮರದ ಸಲಾಕೆ, ನಡುವೆ ಕಂಬ, ಮೇಲೆ ಇಳಿಜಾರು ಮಾಡಿ ಮಡಲು ಹೊದಿಸುವುದು, ಇದು ನಮ್ಮ ಅಜ್ಜನ ಕ್ರಮ. ಅಜ್ಜ ಶಾಲೆಗೆ ಹೋದವರಲ್ಲ, ಆದರೆ ಕ್ರಮ ಪೂರಾ ವಿಜ್ಞಾನವೇ.

ಇನ್ನು ರಸಮೇವು. ಇದು ನಮ್ಮ ಕಡೆಗೆ ಹೆಚ್ಚಾಗಿ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುತ್ತದೆ. ಹಸಿ ಜೋಳದ ಗಿಡವನ್ನು ತೆನೆ ಸಮೇತ ಸಣ್ಣಗೆ ಕತ್ತರಿಸಿ, ಒತ್ತಿ, ಪ್ಲಾಸ್ಟಿಕ್ ಸುತ್ತಿ ಕಟ್ಟು ಮಾಡುತ್ತಾರೆ. ಹುಲ್ಲು ಬೆಳೆಯುವ ಯುರೋಪಿನ ದೇಶಗಳಲ್ಲಿ ಅರ್ಧ ಒಣಗಿದ ಹುಲ್ಲನ್ನೇ ಹೀಗೆ ಸುತ್ತುತ್ತಾರಂತೆ, ಅದಕ್ಕೆ ಹೇಲೇಜ್ ಎಂದು ಹೆಸರು. ಪ್ಲಾಸ್ಟಿಕ್ ಕೂದಲಿಗಿಂತ ತೆಳು, ಹಾಗಾಗಿ 4ರಿಂದ 6 ಸುತ್ತು ಬೇಕು.

ಒಳಗೆ ಏನಾಗುತ್ತದೆ? ಉಳಿದ ಸ್ವಲ್ಪ ಗಾಳಿ ಮೊದಲು ಖರ್ಚಾಗುತ್ತದೆ. ಆಮೇಲೆ ಮೊಸರು ಮಾಡುವ ಬ್ಯಾಕ್ಟೀರಿಯಾದ ನೆಂಟರು ಗಿಡದ ಸಕ್ಕರೆಯನ್ನು ಹುಳಿ ಮಾಡುತ್ತವೆ. ಒಂದು, ಒಂದೂವರೆ ತಿಂಗಳಲ್ಲಿ ಮೇವು ಹದಕ್ಕೆ ಬರುತ್ತದೆ. ಅಜ್ಜಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಮೇಲೆ ಕಲ್ಲು ಇಡುವುದು ಯಾಕೆ? ಸೊಳೆ ನೀರಿನಿಂದ ಮೇಲೆ ಬಂದರೆ ಗಾಳಿ ತಾಗಿ ಬೂಷ್ಟು ಬರುತ್ತದೆ. ಇಲ್ಲೂ ಅಷ್ಟೇ. ಭರಣಿಯ ಬದಲು ಪ್ಲಾಸ್ಟಿಕ್.

ಮೇವು ತೀರ ಒಣಗಿದ್ದರೆ ಬಿಗಿಯಾಗಿ ಒತ್ತಲು ಆಗುವುದಿಲ್ಲ, ಗಾಳಿ ಉಳಿಯುತ್ತದೆ. ತೀರ ಒದ್ದೆಯಾದರೆ ಕೊಳೆಯುತ್ತದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಬೇಕು. ನೀರು ತೊಟ್ಟಿಕ್ಕದೆ, ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ ಹದ.

ಕಳೆದ ವರ್ಷ ನಮ್ಮ ಮನೆಗೆ 400 ಕಿಲೋದ ಒಂದು ಕಟ್ಟು ಬಂತು. ಮೊದಲ ವಾರ ಒಳ್ಳೆಯ ಹುಳಿ ಪರಿಮಳ, ದನ ಹಗ್ಗ ಎಳೆದುಕೊಂಡು ಬರುತ್ತಿತ್ತು. ಆಮೇಲೆ ಬಿಸಿಯಾಯಿತು, ಮತ್ತೆ ಬಿಳಿ, ಮತ್ತೆ ನೀಲಿ ಹಸಿರು ಬೂಷ್ಟು. ಅಜ್ಜಿ, "ಕೊಡವಿ ಹಾಕು ಮಗಾ, ದುಡ್ಡು ಕೊಟ್ಟದ್ದಲ್ವಾ" ಅಂದರು. ಪಶು ಡಾಕ್ಟ್ರು ಬೇಡ ಅಂದರು. ನಮ್ಮ ಕೆಂಪಿ ಆಗ ಏಳು ತಿಂಗಳ ಗಬ್ಬ. ಬೂಷ್ಟು ಮೇವು ತಿಂದರೆ ಕಂದು ಹಾಕುವುದೂ ಉಂಟಂತೆ. ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತವೆ. ಅದು ಹಾಲಿಗೂ ಬರುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಬೂಷ್ಟು ಬೈಹುಲ್ಲು ತಿಂದ ದನ, ಎಮ್ಮೆಗಳ ಬಾಲ, ಕಿವಿ, ಕಾಲು ಕೊಳೆಯುವ ಡೆಗ್ನಾಲ ಎಂಬ ರೋಗವೂ ಉಂಟು. ಕೊಡವಿದರೆ ಕಣ್ಣಿಗೆ ಕಾಣುವ ಧೂಳು ಮಾತ್ರ ಹೋಗುತ್ತದೆ, ವಿಷ ಅಲ್ಲೇ. ಆ ಧೂಳು ಕೊಡವುವವರ ಎದೆಗೂ ಒಳ್ಳೆಯದಲ್ಲ. ಅಪ್ಪ ಸುಮಾರು ಕಾಲು ಭಾಗ ಗುಂಡಿಗೆ ಹಾಕಿದರು. ಹಾಲಿನ ದುಡ್ಡಿನಲ್ಲೇ ಅಕ್ಕನ ಕಾಲೇಜು ನಡೆಯುವುದು, ಆ ದಿನ ಯಾರೂ ಹೆಚ್ಚು ಮಾತಾಡಲಿಲ್ಲ.

ಪ್ಲಾಸ್ಟಿಕ್ಕಿನಲ್ಲಿ ತೂತು ಇರಲಿಲ್ಲ. ಹಾಗಾದರೆ ಯಾಕೆ? ಕಟ್ಟು ಬಿಚ್ಚಿದ ಕೂಡಲೇ ಗಾಳಿ ಒಳಗೆ ಹೋಗುತ್ತದೆ. ಮೊದಲು ಯೀಸ್ಟ್ ಎದ್ದು ಹುಳಿಯನ್ನು ತಿನ್ನುತ್ತದೆ, ಮೇವು ಬಿಸಿಯಾಗುತ್ತದೆ. ಹುಳಿ ಮುಗಿದ ಮೇಲೆ ಬೂಷ್ಟಿಗೆ ಯಾರ ಹೆದರಿಕೆಯೂ ಇಲ್ಲ. ನಮ್ಮ ಊರಿನ ಸೆಕೆಯಲ್ಲಿ ಇದು ಬೇಗ ಆಗುತ್ತದೆ. ನಾನು ಲೆಕ್ಕ ಮಾಡಿದೆ. ದನಕ್ಕೆ ದಿನಕ್ಕೆ 10 ಕಿಲೋ, ಎರಡು ದನಕ್ಕೆ 20 ಕಿಲೋ. 400 ಕಿಲೋ ಮುಗಿಯಲು 20 ದಿನ. ಅಷ್ಟು ದಿನ ಅದು ಉಳಿಯುವುದಿಲ್ಲ. 50 ಕಿಲೋದ ಸಣ್ಣ ಕಟ್ಟಾದರೆ ಎರಡೂವರೆ ದಿನ. ದೊಡ್ಡದೇ ಬೇಕಾದರೆ ನಮ್ಮ ಮನೆ, ದೊಡ್ಡಪ್ಪನ ಮನೆ, ಆಚೆಮನೆ ಸೇರಿ ಆರು ದನಕ್ಕೆ ದಿನಕ್ಕೆ 60 ಕಿಲೋ, ಏಳು ದಿನದೊಳಗೆ ಖಾಲಿ. ಈ ಲೆಕ್ಕವನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಕಾಗದವನ್ನು ಅಂಗಿ ಜೇಬಿಗೆ ಹಾಕಿಕೊಂಡರು.

ಬಿಚ್ಚದ ಕಟ್ಟನ್ನು ಇಡುವಾಗಲೂ ಜಾಗ್ರತೆ ಬೇಕು. ಮುರಕಲ್ಲಿನ ಚೂರು ಪ್ಲಾಸ್ಟಿಕ್ಕಿಗೆ ಚುಚ್ಚುತ್ತದೆ, ಅಡಿಗೆ ಹೊಯ್ಗೆ ಹಾಕಬೇಕು. ದುಂಡು ಕಟ್ಟನ್ನು ಉರುಳಿಸಿ ಇಡದೆ ಚಪ್ಪಟೆ ಮುಖದ ಮೇಲೆ ನಿಲ್ಲಿಸಬೇಕು, ಅಲ್ಲಿ ಪ್ಲಾಸ್ಟಿಕ್ ಹೆಚ್ಚು ಪದರ ಇರುತ್ತದೆ. ಇಲಿ ಅಡಗದಂತೆ ಸುತ್ತ ಕಸ ತೆಗೆಯಬೇಕು. ಕಾಗೆ ಕುಕ್ಕುತ್ತದೆ, ಈಗ ನವಿಲೂ ಸೇರಿದೆ (ನವಿಲನ್ನು ಓಡಿಸಲು ನಮ್ಮ ನಾಯಿಗೂ ಮನಸ್ಸಿಲ್ಲ). ಹಳೆ ಮೀನು ಬಲೆ ಹೊದಿಸಿದರೆ ಒಳ್ಳೆಯದು. ತೂತು ಕಂಡರೆ ಅದೇ ದಿನ, ಒದ್ದೆ ಒರೆಸಿ, ಅಗಲ ಟೇಪು ಹಚ್ಚಬೇಕು.

ಒದ್ದೆ ಬೈಹುಲ್ಲಿಗೂ ಒಂದು ಉಪಾಯ ಉಂಟು, ಯೂರಿಯಾ ಉಪಚಾರ. 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚುವುದು. ಹುಲ್ಲು ಮೊದಲೇ ಒದ್ದೆ ಇದ್ದರೆ ನೀರು ಕಡಿಮೆ ಸಾಕು. ಹುಟ್ಟುವ ಅಮೋನಿಯಾಕ್ಕೆ ಬೂಷ್ಟು ಬದುಕುವುದಿಲ್ಲ. ಆದರೆ ಅಳತೆ ತಪ್ಪಿದರೆ ದನಕ್ಕೇ ವಿಷ, ಆರು ತಿಂಗಳೊಳಗಿನ ಕರುವಿಗೆ ಕೊಡಲೇಬಾರದು. ಆದ್ದರಿಂದ ಇದನ್ನು ಪಶು ಡಾಕ್ಟ್ರನ್ನು ಕೇಳಿ ದೊಡ್ಡವರೇ ಮಾಡಬೇಕು.

ಕೆಂಪಿ ಹೆಣ್ಣು ಕರು ಹಾಕಿತು. ಈ ವರ್ಷದ ಕಟ್ಟನ್ನು ಮೂರು ಮನೆಯವರು ಸೇರಿ ತರಿಸಿದ್ದಾರೆ. ಅದು ದೊಡ್ಡಪ್ಪನ ಹಟ್ಟಿಯ ಬದಿಯಲ್ಲಿ ಹೊಯ್ಗೆಯ ಮೇಲೆ ನಿಂತಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಸುತ್ತ ತಿರುಗಿ ತೂತು ನೋಡುವ ಕೆಲಸ ನನ್ನದು.